ಹೆಚ್ಚಾದ ನೀರು ಯಾರ ಹೊಲಕ್ಕೆ? ಮರೋಳ ಸೀಮೆಯ ಒಡ್ಡುಗಳ ಚರಿತ್ರೆ

ಇವತ್ತಿನ ಸಂಚಿಕೆ ಒಂದು ಲೆಕ್ಕದಿಂದ ಶುರು ಮಾಡೋಣ. ಬಿ.ಕಾಂ. ಓದಿದವನ ಚಟ ಇದು, ಸಹಿಸಿಕೊಳ್ರಿ.

ಹುನಗುಂದ ಕಡೆ ವರ್ಷಕ್ಕೆ ಸರಾಸರಿ 600 ಮಿ.ಮೀ. ಆಸುಪಾಸು ಮಳೆ ಬೀಳ್ತೈತಿ. ಒಂದು ಚದರ ಮೀಟರ್ ನೆಲದ ಮ್ಯಾಲೆ ಒಂದು ಮಿ.ಮೀ. ಮಳೆ ಬಿದ್ರ ಅದು ಒಂದು ಲೀಟರ್ ನೀರು. ಒಂದು ಎಕರೆ ಅಂದ್ರ 4,047 ಚದರ ಮೀಟರ್. ಗುಣಾಕಾರ ಮಾಡ್ರಿ: ಎಕರೆಗೆ ವರ್ಷಕ್ಕೆ 24 ಲಕ್ಷ ಲೀಟರ್. 5,000 ಲೀಟರ್ ಹಿಡಿಯುವ ಟ್ರ್ಯಾಕ್ಟರ್ ಟ್ಯಾಂಕರ್ ಲೆಕ್ಕದಾಗ 485 ಟ್ಯಾಂಕರ್. ಐದೆಕರೆ ಇದ್ದವನ ಹೊಲಕ್ಕ ಎರಡೂವರೆ ಸಾವಿರ ಟ್ಯಾಂಕರ್ ಹತ್ತಿರ ನೀರು, ಪುಕ್ಕಟೆ, ಮನೆ ಬಾಗಿಲಿಗೇ. ಇಷ್ಟು ಜಮಾ ಆದ ಮೇಲೂ ಬ್ಯಾಸಿಗೆ ಬರೋದ್ರೊಳಗ ಶಿಲ್ಕು ಸೊನ್ನೆ ಯಾಕೆ? ಖರ್ಚು ಎಲ್ಲಿ ಆಯ್ತು?

ಈ ಪ್ರಶ್ನೆಗೆ ಈಗಿನ ಫ್ಯಾಶನ್ನಿನ ಉತ್ತರ ಒಂದೈತಿ: ಪರ್ಮಾಕಲ್ಚರ್. ಯೂಟ್ಯೂಬ್‌ನಾಗ ಹುಡುಕಿದ್ರ ನೂರಾರು ವಿಡಿಯೊ ಸಿಗ್ತಾವ. ಆಸ್ಟ್ರೇಲಿಯಾದ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ಎಂಬ ಇಬ್ಬರು 1978ರಲ್ಲಿ ‘ಪರ್ಮಾಕಲ್ಚರ್ ಒನ್’ ಎಂಬ ಪುಸ್ತಕ ತಂದರು. ಮನೆ, ಹಿತ್ತಲು, ಹೊಲ, ದನ, ನೀರು, ಮರ ಎಲ್ಲವನ್ನೂ ಒಂದಕ್ಕೊಂದು ಆಸರೆಯಾಗುವಂತೆ ಜೋಡಿಸುವುದು, ಒಂದರ ಕಸ ಇನ್ನೊಂದಕ್ಕೆ ಆಹಾರವಾಗುವಂತೆ ನೋಡಿಕೊಳ್ಳುವುದು ಇದರ ಹೂರಣ. ಮಾಲಿಸನ್ 1987ರಲ್ಲಿ ಭಾರತಕ್ಕೂ ಬಂದು ತರಬೇತಿ ಕೊಟ್ಟು ಹೋದರು. 2017ರಲ್ಲಿ ಹೈದರಾಬಾದಿನಲ್ಲಿ ಜಗತ್ತಿನ ಪರ್ಮಾಕಲ್ಚರ್ ಮಂದಿಯ ದೊಡ್ಡ ಸಮ್ಮೇಳನವೇ ನಡೆಯಿತು. ಅವರ ಪಾಠದಾಗ ಮೊದಲಿಗೇ ಬರೋದು ‘ಸ್ವೇಲ್’. ಅಂದ್ರ ಇಳಿಜಾರಿಗೆ ಅಡ್ಡಲಾಗಿ, ಸಮಪಾತಳಿಯ ಗೆರೆ ಹಿಡಿದು ತೋಡಿದ ಕಾಲುವೆ, ಅದರ ಕೆಳಮಗ್ಗಲಿಗೆ ಮಣ್ಣಿನ ಏರಿ. ಓಡುವ ನೀರನ್ನು ನಿಲ್ಲಿಸು, ನಿಂತದ್ದನ್ನು ಇಂಗಿಸು.

ಇದನ್ನ ಕೇಳಿದ ನಮ್ಮ ಕಡೆಯವರು ಥಟ್ಟನೆ ಅಂತಾರ: “ಇದೇನ್ ಹೊಸಾದು? ನಮ್ಮ ಮುತ್ಯಾ ಹಾಕಿದ ಒಡ್ಡು ಇದ!” ಆಮೇಲೆ ಅದೊಂದು ವಾಟ್ಸ್‌ಆ್ಯಪ್ ಫಾರ್ವರ್ಡ್ ಆಗ್ತೈತಿ. ನಮ್ಮ ಪೂರ್ವಜರಿಗೆ ಎಲ್ಲಾ ಗೊತ್ತಿತ್ತು, ಪರದೇಶದವರು ಕದ್ದರು, ಹಿಂಗ. ನನಗ ಈ ಧಾಟಿ ಬ್ಯಾಡ. ಒಡ್ಡು ನಮ್ಮಲ್ಲಿ ಇತ್ತು, ಖರೆ. ಆದ್ರ ಒಡ್ಡು ಅಂದ್ರ ಬರೀ ಮಣ್ಣಿನ ಗುಡ್ಡಿ ಅಲ್ಲ. ಒಡ್ಡಿಗೆ ತಡೆದು ಉಳಿದ ಹೆಚ್ಚಿನ ನೀರು ಯಾರ ಹೊಲಕ್ಕೆ, ಯಾವ ಮೂಲೆಯಿಂದ, ಎಷ್ಟು ಎತ್ತರದಿಂದ ಇಳಿಬೇಕು ಅನ್ನೋದು ಮೇಲಿನ ಹೊಲದವನಿಗೂ ಕೆಳಗಿನ ಹೊಲದವನಿಗೂ ನಡುವಿನ ಒಂದು ಕರಾರು. ಕಾಗದದ ಮೇಲೆ ಇಲ್ಲದ ಕರಾರು. ಇವತ್ತು ಹೇಳಬೇಕಂತ ಇರೋದು ಆ ಕರಾರಿನ ಚರಿತ್ರೆ.

ಮೊದಲು ಜಾಗ ನೋಡೋಣ. ಮರೋಳ ಹುನಗುಂದ ಸೀಮೆಯ ಊರು, ಕೃಷ್ಣಾ ಮತ್ತು ಮಲಪ್ರಭಾ ಕೂಡುವ ಕೂಡಲಸಂಗಮ ಇದೇ ಸೀಮೆಯಲ್ಲಿದೆ. ಊರೇನು ಸಣ್ಣ ಚರಿತ್ರೆಯದಲ್ಲ. 11ನೇ ಶತಮಾನದ ಕಲ್ಯಾಣ ಚಾಲುಕ್ಯರ ಕಾಲದ ಶಾಸನ ಇಲ್ಲಿದೆ, ಅದರಲ್ಲಿ ಅನಂತವೀರ್ಯ ಎಂಬ ಜೈನ ಮುನಿಯ ಹೆಸರು ಬರುತ್ತದೆ. ಈ ಭಾಗದ ಹಳೆಯ ಹೆಸರುಗಳಲ್ಲೇ ಮಣ್ಣಿನ ಬಣ್ಣ ಇದೆ. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್, ಅಂದರೆ ಕೆಂಪು ಊರು. ಅದರ ಸುತ್ತಲ ನಾಡು ಕಿಸುಕಾಡು ಎಪ್ಪತ್ತು. ಬಾದಾಮಿ, ಪಟ್ಟದಕಲ್ಲು ಕಡೆ ಕೆಂಪು ಮರಳುಗಲ್ಲು, ಮಸಾರಿ ನೆಲ. ಹುನಗುಂದದ ಬಯಲಿಗೆ ಬಂದ್ರ ಎರಿ ಹೊಲ, ಕಪ್ಪು ಜಿಗುಟು ಮಣ್ಣು.

ಎರಿ ಮಣ್ಣಿನ ಗುಣ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರ ಮುಂದಿನ ಎಲ್ಲಾ ಜಗಳಕ್ಕೂ ಮೂಲ ಇದ. ಬ್ಯಾಸಿಗ್ಯಾಗ ಕೈ ಹೋಗುವಷ್ಟು ಬಿರುಕು ಬಿಡ್ತೈತಿ. ಮುಂಗಾರಿನ ಮೊದಲ ನೀರು ಆ ಬಿರುಕಿನ್ಯಾಗ ಇಳೀತೈತಿ. ಮಣ್ಣು ನೆನೆದು ಉಬ್ಬಿದ ಕೂಡಲೇ ಬಿರುಕು ಮುಚ್ಚಿ, ನೀರು ಇಂಗೋದು ಭಾಳ ನಿಧಾನ ಆಗ್ತೈತಿ. ಆಮ್ಯಾಲೆ ಬಿರುಸಿನ ಮಳಿ ಬಂದ್ರ ನೀರು ಮೇಲಿಂದ ಮೇಲೆ ಓಡಿ, ಹೋಗ್ತಾ ಹೋಗ್ತಾ ಮೇಲ್ಮಣ್ಣನ್ನೂ ಹೊತ್ತುಕೊಂಡು ಹೋಗ್ತೈತಿ. ಆದರೆ ಒಮ್ಮೆ ಒಳಗೆ ಇಳಿದ ನೀರನ್ನು ಈ ಮಣ್ಣು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಒಂದು ಮೀಟರ್ ಆಳದ ಎರೆ ಮಣ್ಣು ಬೆಳೆಗೆ ದಕ್ಕುವ ಹಾಗೆ 150ರಿಂದ 200 ಮಿ.ಮೀ. ನೀರು ಹಿಡಿದಿಡಬಲ್ಲದು. ಮತ್ತೆ ಲೆಕ್ಕ: 200 ಮಿ.ಮೀ. ಅಂದ್ರ ಎಕರೆಗೆ 8 ಲಕ್ಷ ಲೀಟರ್. ಪ್ಲಾಸ್ಟಿಕ್ ಹಾಳೆ ಬೇಡ, ಸಿಮೆಂಟ್ ಬೇಡ, ಹೊಲವೇ ಟಾಕಿ.

ಹಿಂಗಾರಿ ಬಿಳಿಜೋಳ ನಿಂತಿರೋದು ಈ ಟಾಕಿಯ ಮೇಲೆಯೇ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕೂರಿಗೆಯಿಂದ ಬಿತ್ತಿದ ಬೆಳೆ ಆಮೇಲೆ ಹೆಚ್ಚು ಮಳೆ ಕಾಣುವುದೇ ಇಲ್ಲ. ನೆಲದೊಳಗಿನ ಹಸಿ, ಮೇಲೆ ಚಳಿಗಾಲದ ಇಬ್ಬನಿ, ಅಷ್ಟರಲ್ಲೇ ತೆನೆ ಹಿರಿಯಬೇಕು. ಸಾಲಿನ ನಡುವೆ ಎಡಿ ಹೊಡೆದು ಮೇಲ್ಮಣ್ಣನ್ನು ಪುಡಿ ಮಾಡಿ ಬಿರುಕು ಮುಚ್ಚುತ್ತಾರೆ, ಹಸಿ ಆರದಿರಲಿ ಅಂತ. ಜೋಳದ ನಡುನಡುವೆ ಅಕ್ಕಡಿ ಸಾಲಾಗಿ ಕುಸುಬಿ, ಕಡಲೆ. ಹೊಲದ ಅಂಚಿಗೆ ಕುಸುಬಿ ಹಾಕಿದರೆ ಅದರ ಮುಳ್ಳಿಗೆ ಹೆದರಿ ದನ ಒಳಗೆ ಬರುವುದಿಲ್ಲ, ಮನೆಗೆ ಎಣ್ಣೆಯೂ ಆಯಿತು. ಕಣಿಕೆ ದನಕ್ಕೆ, ದನದ ಸಗಣಿ ತಿಪ್ಪೆಗೆ, ತಿಪ್ಪೆಗೊಬ್ಬರ ಹೊಲಕ್ಕೆ. ಬಚ್ಚಲ ನೀರು ಹಿತ್ತಲ ಬಾಳೆಗೆ, ನುಗ್ಗಿಗೆ. ಪರ್ಮಾಕಲ್ಚರ್ ಪುಸ್ತಕದವರು ಚಿತ್ರ ಬರೆದು ಬಾಣದ ಗುರುತು ಹಾಕಿ ತೋರಿಸುವ ಚಕ್ರ ಇದೇ.

ಈಗ ಒಡ್ಡಿಗೆ ಬರೋಣ. ಹೊಲದ ಕೆಳಗಿನ ಅಂಚಿಗೆ ಮಣ್ಣಿನ ಏರಿ, ಅದರ ಒಂದು ಕಡೆ ಕಲ್ಲು ಜೋಡಿಸಿ ಕಟ್ಟಿದ ಕೋಡಿ. ಮಳೆ ಬಿದ್ದಾಗ ನೀರು ಏರಿಗೆ ಬಂದು ನಿಲ್ಲುತ್ತದೆ, ಹೊತ್ತು ತಂದ ಮಣ್ಣು ತಳಕ್ಕೆ ಕೂಡುತ್ತದೆ, ಕೋಡಿಯ ಮಟ್ಟ ಮೀರಿದ ನೀರು ಮಾತ್ರ ಕಲ್ಲಿನ ಮೇಲಿಂದ ಕೆಳಗಿನ ಹೊಲಕ್ಕೆ ಇಳಿಯುತ್ತದೆ. ವರ್ಷ ವರ್ಷ ಮಣ್ಣು ಕೂತ ಹಾಗೆ ಏರಿಯನ್ನೂ ಕೋಡಿಯನ್ನೂ ಒಂಚೂರು ಎತ್ತರಿಸುತ್ತ ಹೋದರೆ ಇಳಿಜಾರು ಹೊಲ ನಿಧಾನಕ್ಕೆ ಮಟ್ಟಸವಾಗುತ್ತದೆ. ಒಬ್ಬನ ಆಯುಷ್ಯದಲ್ಲಿ ಮುಗಿಯುವ ಕೆಲಸ ಅಲ್ಲ. ಹುನಗುಂದದ ಮಲ್ಲಣ್ಣ ನಾಗರಾಳ ಅವರ ಹೆಸರು ನಿಮ್ಮಲ್ಲಿ ಭಾಳ ಮಂದಿ ಕೇಳಿರಬಹುದು. ಒಣಬೇಸಾಯದ ಒಡ್ಡಿನ ಮಾತು ಬಂದಾಗೆಲ್ಲ ಆ ಮನೆತನದ ಹೊಲಗಳ ಉದಾಹರಣೆ ಬರುತ್ತದೆ.

ಆ ಕೋಡಿ ಐತಲ್ಲ, ಅದರ ಎತ್ತರದಾಗೇ ಎಲ್ಲಾ ಇರೋದು. ಒಂದು ಗೇಣು ಎತ್ತರ ಆದ್ರ ಮೇಲಿನವನ ಹೊಲದಾಗ ನೀರು ದಿನಗಟ್ಟಲೆ ನಿಂತು ಬೇರು ಕೊಳೀತೈತಿ. ಒಂದು ಗೇಣು ಇಳಿದ್ರ ಮೇಲಿನವನಿಗೆ ಹಸಿ ಸಾಲದು, ಕೆಳಗಿನವನ ಒಡ್ಡಿಗೆ ರಭಸ ಬಡೀತೈತಿ. ಕೆಳಗಿನವನಿಗೆ ಮೇಲಿಂದ ಬರೋ ನೀರು ಬೇಕು, ಗೋಡು ಮಣ್ಣು ಬೇಕು, ಪ್ರವಾಹ ಬ್ಯಾಡ. ಮೇಲಿನವನಿಗೆ ಮಣ್ಣು ಕೊಡಾಕ ಮನಸ್ಸಿಲ್ಲ, ಪ್ರವಾಹ ಇಟ್ಕೊಳ್ಳಾಕ ಶಕ್ತಿ ಇಲ್ಲ. ಕೋಡಿಯ ಜಾಗ ಬದಲಾದರೆ ಮೂರನೇ ಹೊಲದವನಿಗೂ ಅದು ಮುಟ್ಟುತ್ತದೆ. ಹಳ್ಳದವರೆಗೆ ಹತ್ತು ಒಡ್ಡಿದ್ದರೆ ಹತ್ತೂ ಮಂದಿ ಒಂದು ಸರಪಳಿ. ಮೇಲಿನ ಒಂದು ಒಡ್ಡು ಒಡೆದ ರಾತ್ರಿ ಕೆಳಗಿನ ಒಂಬತ್ತು ಉಳಿಯುವುದಿಲ್ಲ. ಆದ್ದರಿಂದ ನೆರೆಯವನ ಒಡ್ಡು ಗಟ್ಟಿ ಇರೋದು ನಿನ್ನ ಸ್ವಾರ್ಥ. ಪ್ರೀತಿಯಿಂದಲ್ಲ, ಲೆಕ್ಕಾಚಾರದಿಂದಲೇ ಹೊಂದಿಕೊಂಡು ಹೋದ ವ್ಯವಸ್ಥೆ ಇದು. ನನಗೆ ಇದರಲ್ಲಿ ಬಹಳ ಇಷ್ಟವಾಗೋದೂ ಅದೇ.

ಮತ್ತೆ ಈ ಮಣ್ಣು ಹೊತ್ತವರು ಯಾರು? “ನಮ್ಮ ಮುತ್ಯಾ ಹಾಕಿದ ಒಡ್ಡು” ಅಂತೀವಿ. ಬಹಳ ಕಡೆ ಮುತ್ಯಾ ದುಡ್ಡೋ ಕಾಳೋ ಕೊಟ್ಟಿದ್ದಾನೆ, ಕಲ್ಲು ಒಡೆದು ಮಣ್ಣು ಹೊತ್ತದ್ದು ಒಡ್ಡರ ಕುಟುಂಬಗಳು, ಹೊಲವಿಲ್ಲದ ಕೂಲಿಯವರು. 12ನೇ ಶತಮಾನದ ಶರಣ ಸಿದ್ಧರಾಮ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದವನು. ಭೋವಿ ಒಡ್ಡರ ಸಮುದಾಯ ಅವನನ್ನು ಇಂದಿಗೂ ತನ್ನ ಗುರುವೆಂದು ನೆನೆಯುತ್ತದೆ. ಒಡ್ಡಿನ ಚರಿತ್ರೆ ಹೇಳುವಾಗ ಹೊಲದ ಮಾಲೀಕನ ಹೆಸರು ಮಾತ್ರ ಉಳಿದು ಮಣ್ಣು ಹೊತ್ತವರ ಹೆಸರು ಬಿದ್ದುಹೋಗಿದೆ.

ಇಷ್ಟು ಚಂದದ ವ್ಯವಸ್ಥೆ ಇದ್ದರೆ ಬರಗಾಲದಲ್ಲಿ ಜನ ಯಾಕೆ ಸತ್ತರು? ಹಳೇದನ್ನ ಹೊಗಳೋರು ಈ ಪ್ರಶ್ನೆ ತಪ್ಪಿಸ್ತಾರ, ನಾವು ತಪ್ಪಿಸೋದು ಬ್ಯಾಡ. 1791–92ರ ಬರಕ್ಕೆ ಈ ಸೀಮೆಯಲ್ಲಿ ಉಳಿದ ಹೆಸರೇ ತಲೆಬುರುಡೆಯ ಬರ. ಹೂಳುವವರಿಲ್ಲದೆ ಬಯಲ ತುಂಬ ಬುರುಡೆಗಳು ಬಿದ್ದಿದ್ದವಂತೆ. ಆಮೇಲೆ 1876ರಿಂದ 78ರ ಬರ. ಆಗ ಇದು ಬಾಂಬೆ ಪ್ರೆಸಿಡೆನ್ಸಿಯ ಕಲಾದಗಿ ಜಿಲ್ಲೆ, ಮುಂದೆ ಬಿಜಾಪುರ ಜಿಲ್ಲೆ ಆಯಿತು, 1997ರಲ್ಲಿ ಬಾಗಲಕೋಟೆ ಬೇರೆಯಾಯಿತು. 1872ರ ಜನಗಣತಿಯಲ್ಲಿ ಆ ಜಿಲ್ಲೆಯ ಜನಸಂಖ್ಯೆ 8 ಲಕ್ಷದ ಆಸುಪಾಸು. 1881ರಲ್ಲಿ ಎಣಿಸಿದಾಗ ಸುಮಾರು 6 ಲಕ್ಷ 38 ಸಾವಿರ. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಲೆಕ್ಕದಿಂದಲೇ ಮಾಯ. ಕೆಲವರು ಗುಳೆ ಹೋದವರು, ಉಳಿದವರು ಸತ್ತವರು.

ಒಡ್ಡು ಮಳೆಯನ್ನು ಹಿಡಿಯುತ್ತದೆ, ಮಳೆ ತರುವುದಿಲ್ಲ. ಅದು ಒಂದು ಮಾತು. ಇನ್ನೊಂದು ಹಗೇವಿನ ಮಾತು. ಈ ಬಯಲಿನಲ್ಲಿ ಕಾಳು ಇಡುವುದು ನೆಲದೊಳಗೆ. ಬಾಯಿ ಕಿರಿದಾಗಿ ಒಳಗೆ ಅಗಲವಾಗುವ ಗುಂಡಿ ತೋಡಿ, ಸುತ್ತ ಜೋಳದ ಕಣಿಕೆ, ಹೊಟ್ಟು ಒತ್ತಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವುದು. ಒಳಗೆ ಗಾಳಿ ಕೆಟ್ಟು ಹುಳು ಸಾಯುತ್ತದೆ, ಕಾಳು ವರ್ಷಗಟ್ಟಲೆ ಉಳಿಯುತ್ತದೆ. ತೆಗೆದ ಕೂಡಲೇ ಇಳಿದರೆ ಮನುಷ್ಯನೂ ಸಾಯುತ್ತಾನೆ, ಅದಕ್ಕೆ ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ನಮ್ಮ ಕಾಮರ್ಸ್ ಭಾಷೆಯಾಗ ಅದು ಮೀಸಲು ನಿಧಿ. ಆದ್ರ ನಿಧಿ ಯಾರದು ಅಂತ ಕೇಳ್ರಿ. ಹೊಲ ಇದ್ದವನಿಗೆ ಹಗೇವು, ಕೂಲಿಯವನಿಗೆ ಆ ದಿನದ ಕೂಲಿ. ಬರ ಬಂದ ಕೂಡಲೇ ಹೊಲದವನು ಕೂಲಿ ಕರೆಯೋದು ನಿಲ್ಲಿಸ್ತಾನ, ಕಾಳಿನ ರೇಟು ಏರ್ತೈತಿ. ಒಡ್ಡು ಕಟ್ಟಿದ ಕೈಗಳೇ ಮೊದಲು ಖಾಲಿ ಆಗ್ತಾವ. ನೀರಿನ ಹಂಚಿಕೆಗೆ ಇದ್ದ ಕರಾರು ಕಾಳಿನ ಹಂಚಿಕೆಗೆ ಇರಲಿಲ್ಲ.

ಬರದ ನಂತರ ಸರ್ಕಾರ ಕಣ್ಣು ಬಿಟ್ಟಿತು. 1880ರ ದಶಕದಲ್ಲಿ ಗದಗ–ಹೋಟಗಿ ರೈಲು ಮಾರ್ಗ ಬಂತು, ಬರಕ್ಕೆ ಧಾನ್ಯ ಸಾಗಿಸಲಿಕ್ಕೆ. 1883ರ ಭೂ ಸುಧಾರಣೆ ಸಾಲದ ಕಾಯ್ದೆಯಿಂದ ಬಾವಿ, ಒಡ್ಡಿಗೆ ತಗಾವಿ ಸಾಲ ಸಿಗುವಂತಾಯಿತು. 1933ರಲ್ಲಿ ಬಿಜಾಪುರದಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರ. ಸೊಲ್ಲಾಪುರ, ರಾಯಚೂರು, ಹಗರಿ, ರೋಹ್ಟಕ್ ಅದರ ಜೊತೆಯ ಕೇಂದ್ರಗಳು. ಒಡ್ಡು ಹಾಕು, ಆಳವಾಗಿ ಉಳು, ಅಂತರ ಬಿಟ್ಟು ಬಿತ್ತು, ಪದೇಪದೇ ಎಡಿ ಹೊಡಿ. ಅಲ್ಲಿಂದ ಬಂದ ಶಿಫಾರಸಿನಲ್ಲಿ ಅರ್ಧದಷ್ಟು ರೈತರು ಮಾಡುತ್ತಿದ್ದದ್ದೇ. ಆದರೆ ಅಳೆದು ನೋಡಿ, ಎಷ್ಟು ಮಳೆಗೆ ಎಷ್ಟು ಮಣ್ಣು ಹೋಗುತ್ತದೆ ಎಂದು ಅಂಕಿಗಳಲ್ಲಿ ಬರೆದಿಟ್ಟವರು ಅವರು. ಅದನ್ನು ಸಣ್ಣದು ಮಾಡಬಾರದು.

1942ರಲ್ಲಿ ಬಾಂಬೆ ಪ್ರಾಂತ್ಯದ ಭೂ ಸುಧಾರಣಾ ಯೋಜನೆಗಳ ಕಾಯ್ದೆ ಬಂತು. ಅದರ ಹಿಂದೆಯೇ ಬಿಜಾಪುರ ಕಡೆ ಮತ್ತೆ ಬರ. ಬರಗಾಲದ ಕಾಮಗಾರಿಯಾಗಿ ಸಾವಿರಾರು ಕೂಲಿಗಳನ್ನು ಹಚ್ಚಿ ಸಮಪಾತಳಿ ಒಡ್ಡು ಹಾಕಿಸಿದರು. ಹೊಟ್ಟೆಗೆ ಕೂಲಿ, ಹೊಲಕ್ಕೆ ಒಡ್ಡು. ಕೇಳಾಕ ಭಾಳ ಚೊಲೊ. ಇಂಜಿನಿಯರ ವಾದವೂ ಸರಿಯಿತ್ತು: ನೀರಿಗೆ ಸರ್ವೆ ನಂಬರ್ ಗೊತ್ತಿಲ್ಲ, ಅದು ಇಳಿಜಾರು ನೋಡಿ ಹರಿಯುತ್ತದೆ, ಆದ್ದರಿಂದ ಒಡ್ಡು ಇಳಿಜಾರಿನ ಗೆರೆ ಹಿಡಿಯಬೇಕು, ಹೊಲದ ಗಡಿಯದ್ದಲ್ಲ.

ಮುಂದಿನ ದಶಕಗಳಲ್ಲಿ ಎರೆ ನಾಡಿನಲ್ಲಿ ಇಂಥ ಒಡ್ಡು ಎಷ್ಟೋ ಕಡೆ ಸೋತವು. ರೈತರೇ ಉತ್ತು ಕೆಡವಿದ್ದೂ ಉಂಟು. ಅಧಿಕಾರಿಗಳು ಅದಕ್ಕೆ ರೈತರ ಅಜ್ಞಾನ ಅಂದರು. ಹೊಲದೊಳಗೆ ನಿಂತು ನೋಡಿದರೆ ಕಾರಣ ಸರಳ. ಸಮಪಾತಳಿ ಗೆರೆ ಹೊಲವನ್ನು ಡೊಂಕಾಗಿ ಸೀಳುತ್ತದೆ, ಮೂಲೆಯಲ್ಲಿ ತ್ರಿಕೋನದ ತುಂಡು ಉಳಿಯುತ್ತದೆ, ಅಲ್ಲಿ ಎತ್ತು, ಕೂರಿಗೆ ತಿರುಗುವುದಿಲ್ಲ. ನೀರು ಇಂಗದ ಆಳದ ಎರಿಯಲ್ಲಿ ಒಡ್ಡಿನ ಹಿಂದೆ ಮಡು ನಿಂತು ಬೆಳೆ ಕೊಳೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು: ಒಬ್ಬನ ಹೊಲದ ನೀರನ್ನು ಆ ಒಡ್ಡು ಅಡ್ಡಕ್ಕೆ ಒಯ್ದು ಇನ್ನೊಬ್ಬನ ಹೊಲದ ನಡುವೆ ಬಿಡುತ್ತದೆ. ಆ ಇನ್ನೊಬ್ಬನನ್ನು ಯಾರೂ ಕೇಳಿಲ್ಲ. ಹಳೆಯ ಒಡ್ಡು ಹೊಲದ ಅಂಚಿನಲ್ಲಿ ಇದ್ದದ್ದು ದಡ್ಡತನದಿಂದಲ್ಲ. ಅಂಚಿನಲ್ಲಿದ್ದರೆ ಇಬ್ಬರ ನಡುವೆ ಮಾತಾಡಿ ಮುಗಿಸಬಹುದು, ಅದಕ್ಕೆ. ಇಂಜಿನಿಯರನಿಗೆ ಇಳಿಜಾರು ಗೊತ್ತಿತ್ತು, ಕರಾರು ಗೊತ್ತಿರಲಿಲ್ಲ. ಮುಂದೆ ತಜ್ಞರೂ ಆಳದ ಎರಿಗೆ ಸಮಪಾತಳಿ ಒಡ್ಡು ಹೊಂದುವುದಿಲ್ಲ, ಹೆಚ್ಚಿನ ನೀರು ನಿಧಾನಕ್ಕೆ ಸರಿದು ಹೋಗುವಂತೆ ಸ್ವಲ್ಪ ಇಳುಕಲು ಕೊಟ್ಟ ಒಡ್ಡೇ ಬೇಕು ಎಂದು ತಿದ್ದಿಕೊಂಡರು.

ಇನ್ನು ನಮ್ಮ ಕಾಲ. ಮರೋಳದ ಹೆಸರು ಈಗ ಪತ್ರಿಕೆಯಲ್ಲಿ ಬರುವುದು ಬೇರೆ ಕಾರಣಕ್ಕೆ: ರಾಮಥಾಳ–ಮರೋಳ ಏತ ನೀರಾವರಿ. ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ, ಕಾಲುವೆಯ ಬದಲು ಪೈಪಿನಲ್ಲಿ ಹರಿಸಿ, ಸುಮಾರು 24,000 ಹೆಕ್ಟೇರ್, ಅಂದರೆ 60 ಸಾವಿರ ಎಕರೆ ಹತ್ತಿರ ಹೊಲಕ್ಕೆ ಹನಿ ನೀರಾವರಿ. ಏಷ್ಯಾದಲ್ಲೇ ದೊಡ್ಡದು ಎಂದು ಪ್ರಚಾರ ಪಡೆದ ಯೋಜನೆ. ಕೃಷ್ಣಾ ಭಾಗ್ಯ ಜಲ ನಿಗಮದ ಈ ಕೆಲಸದಲ್ಲಿ ಜೈನ್ ಇರಿಗೇಷನ್, ಇಸ್ರೇಲ್ ಮೂಲದ ನೆಟಾಫಿಮ್ ಕಂಪನಿಗಳು ಇದ್ದವು. ಮಳೆಯನ್ನೇ ನಂಬಿದ್ದ ನೆಲಕ್ಕೆ ಮನೆ ಬಾಗಿಲಿಗೆ ಕೃಷ್ಣೆ ಬಂದಳು ಅಂದ್ರ ಯಾರಿಗೆ ಖುಷಿ ಆಗಲ್ಲ? ನನಗೂ ಆಗೈತಿ. ಹನಿಗೆ ಬಿದ್ದ ಹೊಲದಾಗ ಒಂದು ಬೆಳೆಯ ಜಾಗಕ್ಕ ಎರಡು ಬೆಳೆ ಬರೋದನ್ನ ತಳ್ಳಿಹಾಕೋದು ಸುಳ್ಳು ಆಗ್ತೈತಿ.

ಆದರೆ ಎಲ್ಲ ಹೊಲದಲ್ಲೂ ಹನಿ ಒಂದೇ ಥರ ಬಳಕೆಗೆ ಬಂದಿಲ್ಲ. ಕೆಲವರು ಪೈಪ್ ಸುತ್ತಿಟ್ಟಿದ್ದಾರೆ, ಕೆಲವರು ಮೊದಲಿನಂತೆ ಮಳೆಗೇ ಬಿತ್ತುತ್ತಾರೆ. ಎಡಿ ಹೊಡೆಯುವಾಗ ನೆಲದ ಮೇಲಿನ ಪೈಪ್ ಅಡ್ಡ, ಇಲಿ ಕಡಿಯುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಇವು ಸಣ್ಣ ತೊಡಕು. ದೊಡ್ಡ ತೊಡಕು ಮತ್ತೆ ಅದೇ ಹಳೆಯದು. ಒಂದು ವಾಲ್ವಿನ ಕೆಳಗೆ ಹಲವು ರೈತರ ಹೊಲ. ಒಬ್ಬ ಮೆಣಸಿನಕಾಯಿ ಹಚ್ಚಿದ್ದಾನೆ, ನೀರು ಬೇಗ ಬೇಕು. ಪಕ್ಕದವನದು ಕಡಲೆ, ಹೆಚ್ಚು ನೀರು ಬಿದ್ದರೆ ಕೆಡುತ್ತದೆ. ಮೂರನೆಯವನು ಗುಳೆ ಹೋಗಿ ಗೋವಾದಲ್ಲಿದ್ದಾನೆ. ವಾಲ್ವ್ ಯಾವಾಗ ತೆಗೀಬೇಕು, ರಿಪೇರಿ ಖರ್ಚು ಯಾರದು? ಪೈಪಿಗೆ ಗ್ಯಾರಂಟಿ ಕಾರ್ಡ್ ಐತಿ, ಇದಕ್ಕಿಲ್ಲ. ಕೋಡಿಯ ಎತ್ತರಕ್ಕೆ ತಲೆಮಾರುಗಳು ಹಿಡಿದಷ್ಟು ಮಾತುಕತೆ ವಾಲ್ವಿಗೂ ಬೇಕು, ಅದಕ್ಕೆ ಯಾವ ಟೆಂಡರ್‌ನಲ್ಲೂ ಸಮಯ ಇಡುವುದಿಲ್ಲ.

ಇದರ ನಡುವೆ ಹಳೆಯ ಒಡ್ಡುಗಳಿಗೆ ಬಂದ ಗತಿ ನೋಡ್ರಿ. ಅಣ್ಣತಮ್ಮಂದಿರು ಪಾಲಾದಾಗ ಹೊಲ ಉದ್ದುದ್ದಕ್ಕೆ ಹರಿದು ಹಂಚಿ ಹೋಯಿತು, ಕೋಡಿ ಒಬ್ಬನ ಪಾಲಿಗೆ, ನೀರು ಇನ್ನೊಬ್ಬನ ಪಾಲಿಗೆ. ದೊಡ್ಡ ಟ್ರ್ಯಾಕ್ಟರ್ ತಿರುಗಲು ಅಡ್ಡ ಅಂತ ಜೆಸಿಬಿ ತಂದು ಒಡ್ಡು ಸಪಾಟು ಮಾಡಿದವರಿದ್ದಾರೆ. ಜೆಸಿಬಿಗೆ ಅರ್ಧ ದಿನ ಸಾಕು. ಅದೇ ಹೊಲಕ್ಕೆ ಆಮೇಲೆ ಉದ್ಯೋಗ ಖಾತ್ರಿಯಲ್ಲಿ ಬದು ನಿರ್ಮಾಣ, 2014ರಿಂದ ಬಂದ ಕೃಷಿಭಾಗ್ಯದಲ್ಲಿ ಕೃಷಿಹೊಂಡ. ಒಳ್ಳೆ ಯೋಜನೆಗಳೇ. ಆದ್ರ ಹೊಂಡ ಒಬ್ಬನ ಹೆಸರಿಗೆ, ಅರ್ಜಿ ಒಬ್ಬನದು, ಫೋಟೊ ಒಬ್ಬನದು. ಹೊಂಡ ತುಂಬಿ ಹರಿದ ನೀರು ಎಲ್ಲಿ ಹೋಗಬೇಕು ಅನ್ನೋದು ಫೋಟೊದಾಗ ಬರಂಗಿಲ್ಲ.

ಬೆಂಗಳೂರಿನ ತಾರಸಿ ತೋಟದ ಕೇಳುಗರು ಮೆಸೇಜ್ ಮಾಡ್ತೀರಿ, ನಮಗೇನು ಇದರಿಂದ ಅಂತ. ನಿಮ್ಮ ಸಂಪು ತುಂಬಿದ ಮೇಲೆ ಪೈಪು ಎಲ್ಲಿಗೆ ಬಿಟ್ಟೀರಿ? ಪಕ್ಕದ ಸೈಟಿಗೋ, ರಸ್ತೆಗೋ? ತಗ್ಗಿನ ಬಡಾವಣೆಯವರನ್ನ ಒಮ್ಮೆ ಕೇಳಿ ನೋಡ್ರಿ.

ಪಹಣಿ ಪತ್ರಿಕೆ ತೆಗೆದು ನೋಡಿದ್ದೀರಾ? ವಿಸ್ತೀರ್ಣ ಐತಿ, ಖರಾಬು ಐತಿ, ಮಣ್ಣಿನ ನಮೂನೆ ಐತಿ, ಬೆಳೆ ಐತಿ, ಬ್ಯಾಂಕಿನ ಬೋಜಾ ಐತಿ. ಕೋಡಿಗೆ ಕಾಲಂ ಇಲ್ಲ. ಅದು ಎಲ್ಲೈತಿ, ಎಷ್ಟು ಎತ್ತರ, ಯಾರ ಜೊತೆ ಏನು ಮಾತಾಗಿತ್ತು ಅನ್ನೋದು ಎಪ್ಪತ್ತು ದಾಟಿದ ಕೆಲವರ ತಲೆಯಲ್ಲಿ ಮಾತ್ರ ಉಳಿದೈತಿ. ಅದಕ್ಕೆ ಒಂದು ಕೆಲಸ ಕೊಡ್ತೀನಿ. ಊರಿಗೆ ಹೋದಾಗ ಮನೆಯ ಹಿರ್ಯಾರನ್ನ ಹೊಲಕ್ಕೆ ಕರಕೊಂಡು ಹೋಗ್ರಿ, ನಮ್ಮ ಹೊಲದ ಹೆಚ್ಚಿನ ನೀರು ಎಲ್ಲಿಂದ ಇಳೀತಿತ್ತು ಅಂತ ಕೇಳ್ರಿ, ಅವರು ಬೆರಳು ಮಾಡಿದ ಜಾಗದ ಫೋಟೊ ತೆಗೀರಿ, ಮಾತು ರೆಕಾರ್ಡ್ ಮಾಡ್ರಿ. ಕೆಳಗಿನ ಹೊಲದವರನ್ನೂ ಜೊತೆಗೆ ಕರೀರಿ, ಅವರ ನೆನಪು ಬೇರೆ ಇರ್ತೈತಿ. ನನಗೆ ಕಳಿಸಿದ್ರ ಮುಂದಿನ ಸಂಚಿಕೆಯಾಗ ಕೇಳಿಸ್ತೀನಿ. ಮುಂಗಾರು ಶುರು ಆಗೋಕೆ ಮೊದಲು ಕಳಿಸ್ರಿ.